ತೂಕ ಜಾಸ್ತಿ ಇದ್ದರೆ ಎಪಿಡ್ಯೂರಲ್ ಆಗುವುದಿಲ್ಲವೇ? ಕೂರುವ ರೀತಿಯ ಬಗ್ಗೆ ಒಂದಿಷ್ಟು ಮಾತು

ಪ್ರಶ್ನೆ: ಮೇಡಂ, ನನಗೆ 28 ವರ್ಷ. ಊರು ಗುಬ್ಬಿ ಹತ್ತಿರ. ಚೊಚ್ಚಲ ಹೆರಿಗೆ, ಈಗ ಎಂಟನೇ ತಿಂಗಳು. ಎತ್ತರ 5 ಅಡಿ 2 ಇಂಚು, ತೂಕ 96 ಕೆಜಿ. ತುಮಕೂರಿನಲ್ಲಿ ಹೆರಿಗೆ ಮಾಡಿಸುವುದು ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ನೋವು ಕಮ್ಮಿ ಮಾಡುವ ಎಪಿಡ್ಯೂರಲ್ ಬೇಕು ಅಂತ ಚೆಕಪ್‌ನಲ್ಲಿ ಕೇಳಿದೆ. ಅಲ್ಲಿದ್ದ ಒಬ್ಬರು "ನಿಮ್ಮ ಮೈಗೆ ಬೆನ್ನಲ್ಲಿ ಜಾಗವೇ ಸಿಗಲ್ಲ, ಆಮೇಲೆ ನೋಡೋಣ" ಅಂದುಬಿಟ್ಟರು. ಮನೆಗೆ ಬಂದು ಅತ್ತುಬಿಟ್ಟೆ. ನಿಜವಾಗಲೂ ಆಗುವುದಿಲ್ಲವಾ? ಕೂರಿಸಿ ಕೊಡುತ್ತಾರಾ, ಮಲಗಿಸಿ ಕೊಡುತ್ತಾರಾ? ಇಷ್ಟು ಹೊಟ್ಟೆ ಇಟ್ಟುಕೊಂಡು ಬಗ್ಗುವುದು ಹೇಗೆ? ನೋವು ಬರುವಾಗ ಅಲ್ಲಾಡದೆ ಇರಲು ಆಗುತ್ತಾ? ಅತ್ತೆಯವರು ಬೇರೆ, ಆ ಇಂಜೆಕ್ಷನ್ ತಗೊಂಡರೆ ಸೊಂಟ ನೋವು ಜೀವನಪೂರ್ತಿ ಬಿಡಲ್ಲ ಅಂತಾರೆ.

ಉತ್ತರ: ಆಗುತ್ತದೆ. ಮೊದಲು ಇದನ್ನು ಮನಸ್ಸಿಗೆ ತಂದುಕೊಳ್ಳಿ. ನೀವು ಕೊಟ್ಟ ಲೆಕ್ಕದಲ್ಲಿ ನಿಮ್ಮ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಸುಮಾರು 39. ನಿಮ್ಮಷ್ಟು ತೂಕದವರಿಗೆ, ನಿಮಗಿಂತ ಜಾಸ್ತಿ ತೂಕದವರಿಗೂ ನಾವು ಅರಿವಳಿಕೆ ವೈದ್ಯರು ಎಪಿಡ್ಯೂರಲ್ ಕೊಡುತ್ತಲೇ ಇರುತ್ತೇವೆ. ನಿಮಗೆ ಹೇಳಿದ ಆ ಮಾತು ಓದಿ ನನಗೂ ಬೇಸರವಾಯಿತು. ತುಂಬು ಗರ್ಭಿಣಿಗೆ ಹೇಳುವ ಮಾತೇ ಅದು? ಜಾಗ ಎಲ್ಲರ ಬೆನ್ನಲ್ಲೂ ಇದೆ. ಕೊಬ್ಬು ಜಾಸ್ತಿ ಇದ್ದಾಗ ಅದರ ಗುರುತು ಕೈಗೆ ಸಿಗುವುದು ಕಷ್ಟ, ಅಷ್ಟೇ. ಗುರುತು ಸಿಗುವ ಹಾಗೆ ಕೂರಿಸಿಕೊಳ್ಳುವುದು ನಮ್ಮ ಕೆಲಸ. ಹಾಗೆ ಕೂರುವುದನ್ನು ಮೊದಲೇ ಕಲಿತುಕೊಂಡು ಬಂದರೆ ಅರ್ಧ ಕೆಲಸ ಮುಗಿದ ಹಾಗೆ.

ಬೆನ್ನಲ್ಲಿ ಏನು ಮಾಡುತ್ತೇವೆ ಅಂತ ಸ್ವಲ್ಪ ಗೊತ್ತಿದ್ದರೆ ಮುಂದಿನದ್ದು ಸುಲಭವಾಗಿ ಅರ್ಥವಾಗುತ್ತದೆ. ಬೆನ್ನುಹುರಿ ಬೆನ್ನಿನ ತುದಿವರೆಗೂ ಇಳಿದಿರುವುದಿಲ್ಲ. ದೊಡ್ಡವರಲ್ಲಿ ಸಾಮಾನ್ಯವಾಗಿ ಸೊಂಟದ ಮೊದಲನೇ ಅಥವಾ ಎರಡನೇ ಮೂಳೆಯ ಮಟ್ಟಕ್ಕೆ ಮುಗಿದುಹೋಗುತ್ತದೆ. ನಾವು ಸೂಜಿ ಹಾಕುವುದು ಅದಕ್ಕಿಂತ ಕೆಳಗೆ, ಹೆಚ್ಚಾಗಿ ಮೂರನೇ ಮತ್ತು ನಾಲ್ಕನೇ ಮೂಳೆಗಳ ನಡುವಿನ ಸಂದಿಯಲ್ಲಿ. ಮೊದಲು ಚರ್ಮಕ್ಕೆ ಮರಗಟ್ಟುವ ಇಂಜೆಕ್ಷನ್. ಅದು ಕೆಲವು ಸೆಕೆಂಡ್ ಉರಿಯುತ್ತದೆ. ಆಮೇಲೆ ಎಪಿಡ್ಯೂರಲ್ ಸೂಜಿ ಕೊಬ್ಬನ್ನೂ, ಮೂಳೆಗಳನ್ನು ಹಿಡಿದಿಟ್ಟಿರುವ ಗಟ್ಟಿ ನಾರುಗಳನ್ನೂ ದಾಟಿ ಒಳಗೆ ಹೋಗುತ್ತದೆ. ಬೆನ್ನಿನ ನರಗಳನ್ನು ಸುತ್ತಿರುವ ಪೊರೆಯ ಹೊರಗಿನ ಎಪಿಡ್ಯೂರಲ್ ಜಾಗ ಮುಟ್ಟಿದಾಗ ಸಿರಿಂಜಿನ ಬಿಗಿ ಥಟ್ಟನೆ ಸಡಿಲವಾಗುತ್ತದೆ. ಅದು ನಮ್ಮ ಹೆಬ್ಬೆರಳಿಗೆ ಗೊತ್ತಾಗುತ್ತದೆ. ಆಗ ಸೂಜಿಯ ಒಳಗಿನಿಂದ ತೀರಾ ಸಣ್ಣ ಪ್ಲಾಸ್ಟಿಕ್ ಕೊಳವೆ ಬಿಟ್ಟು ಸೂಜಿಯನ್ನು ತೆಗೆದುಬಿಡುತ್ತೇವೆ. ಬೆನ್ನಲ್ಲಿ ಉಳಿಯುವುದು ಆ ಮೆತ್ತನೆಯ ಕೊಳವೆ ಮಾತ್ರ. ಹೆರಿಗೆ ಮುಗಿಯುವವರೆಗೆ ಔಷಧಿ ಹೋಗುವುದು ಅದರಲ್ಲೇ.

ಸಾಧಾರಣ ಮೈಯವರಲ್ಲಿ ಚರ್ಮದಿಂದ ಆ ಜಾಗಕ್ಕೆ 4ರಿಂದ 6 ಸೆಂಟಿಮೀಟರ್. ತೂಕ ಏರಿದ ಹಾಗೆ ಆಳವೂ ಏರುತ್ತದೆ. ಆದರೆ ನೀವು ಹೆದರಿಕೊಂಡಿರುವಷ್ಟು ಅಲ್ಲ. ಭಾರದ ಮೈಯವರಲ್ಲೂ ಬಹಳಷ್ಟು ಜನರಿಗೆ 8 ಸೆಂಟಿಮೀಟರಿನ ಒಳಗೇ ಸಿಗುತ್ತದೆ. ದಿನಾ ಬಳಸುವ ಸೂಜಿಯ ಉದ್ದವೂ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಸಾಲದೆ ಬಂದರೆ ಇನ್ನೂ ಉದ್ದದ ಸೂಜಿಗಳಿವೆ. ಹಾಗಾಗಿ ಆಳ ದೊಡ್ಡ ತೊಂದರೆಯಲ್ಲ. ಬೆನ್ನಿನ ನಡುಗೆರೆ ತಪ್ಪಿಹೋಗುವುದು ದೊಡ್ಡ ತೊಂದರೆ. ತೆಳ್ಳಗಿರುವವರಲ್ಲಿ ಸೂಜಿ ಸ್ವಲ್ಪ ವಾರೆಯಾದರೂ ದಾರಿ ಸಿಗುತ್ತದೆ. ಏಳು ಸೆಂಟಿಮೀಟರ್ ಒಳಗೆ ಹೋಗಬೇಕಾದಾಗ ಚರ್ಮದ ಹತ್ತಿರ ಆದ ಸಣ್ಣ ವಾರೆ ಒಳಗೆ ಹೋಗುತ್ತ ದೊಡ್ಡದಾಗುತ್ತದೆ. ಸೂಜಿ ಸಂದಿಗೆ ಹೋಗದೆ ಪಕ್ಕದ ಮೂಳೆಗೆ ತಾಗುತ್ತದೆ.

ಕೂರಿಸುವುದಾ ಮಲಗಿಸುವುದಾ ಅನ್ನುವ ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಪಕ್ಕಕ್ಕೆ ಮಲಗಿದಾಗ ಬೆನ್ನಿನ ಕೊಬ್ಬೂ ಚರ್ಮವೂ ಭಾರಕ್ಕೆ ಕೆಳಗೆ ಜೋಲುತ್ತವೆ. ಚರ್ಮದ ಮೇಲೆ ಕಾಣುವ ನಡುಗೆರೆ ಒಂದು ಕಡೆ, ಒಳಗಿನ ಮೂಳೆಯ ನಡುಗೆರೆ ಇನ್ನೊಂದು ಕಡೆ ಆಗುತ್ತದೆ. ಕೂತಾಗ ಹಾಗಲ್ಲ. ಎರಡೂ ಬದಿಯ ಭಾರ ಸಮನಾಗಿ ನೇರ ಕೆಳಗೆ ಇಳಿಯುತ್ತದೆ. ಕತ್ತಿನ ಬುಡದಲ್ಲಿ ಎದ್ದು ಕಾಣುವ ಮೂಳೆಯಿಂದ ಹಿಂಭಾಗದ ಸೀಳಿನವರೆಗೆ ಕಣ್ಣಲ್ಲೇ ಒಂದು ಗೆರೆ ಎಳೆದರೂ ನಡುಗೆರೆ ಸುಮಾರಾಗಿ ಗೊತ್ತಾಗುತ್ತದೆ. ಕೂತಾಗ ಆಳವೂ ಸ್ವಲ್ಪ ಕಮ್ಮಿ. ಅದಕ್ಕೇ ನಿಮ್ಮಂಥ ಮೈಯವರಿಗೆ ನಾನು ಮೊದಲು ಕೂರಿಸುವುದೇ ಸರಿ ಅನ್ನುವವಳು.

ಈಗ ಕೂರುವುದು ಹೇಗೆ ಅಂತ ನೋಡೋಣ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಯಾಕಂದರೆ ಲೇಬರ್ ವಾರ್ಡಿನ ಗಡಿಬಿಡಿಯಲ್ಲಿ "ಬಗ್ಗಮ್ಮ, ಇನ್ನೂ ಬಗ್ಗು" ಅನ್ನುವುದು ಬಿಟ್ಟು ಬೇರೆ ಯಾರೂ ಏನೂ ಹೇಳಿಕೊಡುವುದಿಲ್ಲ.

ಹೆರಿಗೆ ಮಂಚದ ಕಾಲಿನ ಕಡೆಯ ತುಂಡು ಬೇರೆ ಇರುತ್ತದೆ, ಹಾಸಿಗೆಯಲ್ಲಿ ಅಲ್ಲೊಂದು ಸಂದಿಯೂ ಇರುತ್ತದೆ. ಅದರ ಮೇಲೆ ಕೂರಬೇಡಿ. ಗಟ್ಟಿ ಭಾಗದಲ್ಲಿ ಅಡ್ಡಲಾಗಿ ಕೂರಿ. ಮೊಣಕಾಲಿನ ಹಿಂಭಾಗ ಮಂಚದ ಅಂಚಿಗೆ ತಾಗುವಷ್ಟು ಹಿಂದಕ್ಕೆ ಸರಿಯಿರಿ. ಎರಡೂ ಕಡೆ ಭಾರ ಒಂದೇ ಸಮ ಬೀಳಬೇಕು. ಹಾಸಿಗೆ ಮೆತ್ತಗಿದ್ದು ಒಂದು ಕಡೆ ಕುಸಿದರೆ ಸೊಂಟ ವಾರೆಯಾಗುತ್ತದೆ, ಸೊಂಟದ ಜೊತೆ ಬೆನ್ನುಮೂಳೆಯೂ ವಾಲುತ್ತದೆ. "ಒಂದು ಕಡೆ ಇಳಿದ ಹಾಗಿದೆ" ಅಂತ ನಿಮಗೆ ಅನ್ನಿಸಿದರೆ ಹೇಳಿ. ಮಡಚಿದ ಬೆಡ್‌ಶೀಟ್ ಅಡಿಗಿಟ್ಟು ಸರಿಮಾಡಬಹುದು. ಪಾದ ನೇತಾಡಬಾರದು. ಕಾಲಡಿಗೆ ಸ್ಟೂಲ್ ಬೇಕು, ಮೊಣಕಾಲು ಸೊಂಟಕ್ಕಿಂತ ಸ್ವಲ್ಪ ಮೇಲೇ ಇರಲಿ. ನಮ್ಮ ಕಡೆ ಹೆಂಗಸರ ಎತ್ತರಕ್ಕೆ ಆ ಮಂಚಗಳು ಎತ್ತರವೇ ಆಗುತ್ತವೆ. ಸ್ಟೂಲ್ ಇಲ್ಲದಿದ್ದರೆ ಕೇಳಿ ತರಿಸಿಕೊಳ್ಳಿ, ಸಂಕೋಚ ಬೇಡ.

ಹೊಟ್ಟೆ ಅಡ್ಡ ಬರುತ್ತದೆ ಅಂದಿರಿ. ತೊಡೆಗಳನ್ನು ಅಗಲ ಮಾಡಿ, ಹೊಟ್ಟೆ ಅವುಗಳ ನಡುವೆ ಇಳಿಯಲಿ. ತೊಡೆ ಜೋಡಿಸಿಕೊಂಡು ಬಗ್ಗಲು ಹೋದರೆ ಹೊಟ್ಟೆ ಒತ್ತುತ್ತದೆ, ಉಸಿರು ಸಿಕ್ಕಿಹಾಕಿಕೊಂಡ ಹಾಗಾಗುತ್ತದೆ. ಒಂದು ದಿಂಬನ್ನು ಎದೆಗೆ ಅಪ್ಪಿಕೊಳ್ಳಿ. ಭುಜ ಎರಡೂ ಸಡಿಲ, ಸಮ. ಗದ್ದ ಎದೆಯ ಕಡೆಗೆ.

ಇನ್ನು ಬಗ್ಗುವುದು. ತಪ್ಪಾಗುವುದು ಇಲ್ಲೇ. ಬಗ್ಗು ಅಂದ ತಕ್ಷಣ ಹೆಚ್ಚಿನವರು ದೇವರಿಗೆ ನಮಸ್ಕಾರ ಮಾಡುವವರಂತೆ ತೊಡೆಸಂದಿನಿಂದ ಮುಂದಕ್ಕೆ ಬಾಗುತ್ತಾರೆ. ಬೆನ್ನು ನೇರವಾಗಿಯೇ ಉಳಿಯುತ್ತದೆ. ಅದರಿಂದ ನಮಗೆ ಏನೂ ಉಪಯೋಗವಿಲ್ಲ. ಗರ್ಭಿಣಿಯ ಸೊಂಟ ಮೊದಲೇ ಒಳಕ್ಕೆ ಬಾಗಿರುತ್ತದೆ, ಮೂಳೆಗಳ ಸಂದಿ ಮುಚ್ಚಿಕೊಂಡ ಹಾಗಿರುತ್ತದೆ. ಆ ಸೊಂಟವನ್ನು ಹಿಂದಕ್ಕೆ ತಳ್ಳಿ ಗೂನು ಮಾಡಬೇಕು. ಆಗ ಸಂದಿ ಬಿಚ್ಚಿಕೊಳ್ಳುತ್ತದೆ. ಮೊರದಲ್ಲಿ ಅಕ್ಕಿ ಆರಿಸುವಾಗ ಬೆನ್ನು ತಾನಾಗಿ ಗೂನಾಗಿ, ಗದ್ದ ಇಳಿದು, ಕಣ್ಣು ಮಡಿಲ ಕಡೆ ಇರುತ್ತದಲ್ಲ, ಹಾಗೆ. ಚೆನ್ನಾಗಿ ಹೇಳಿಕೊಡುವ ಸಿಸ್ಟರ್ ಆದರೆ ನಿಮ್ಮ ಸೊಂಟದ ಮೇಲೆ ಬೆರಳಿಟ್ಟು "ಈ ಬೆರಳನ್ನು ಹಿಂದಕ್ಕೆ ತಳ್ಳಿ" ಅನ್ನುತ್ತಾರೆ. ಇಷ್ಟು ಹೇಳಿದರೆ ಸಾಕು, ಬೆನ್ನಿಗೆ ಅರ್ಥವಾಗಿಬಿಡುತ್ತದೆ. ಚಕ್ಕಳಮಕ್ಕಳ ಹಾಕಿ ಕೂತರೆ ಸೊಂಟ ಇನ್ನೂ ಚೆನ್ನಾಗಿ ಗೂನಾಗುವವರೂ ಇದ್ದಾರೆ. ಅಭ್ಯಾಸ ಇದ್ದು ಉಸಿರಿಗೆ ತೊಂದರೆ ಆಗದಿದ್ದರೆ ಅದೂ ಸರಿಯೇ. ನಿಮ್ಮ ಡಾಕ್ಟರಿಗೆ ಯಾವುದು ಅನುಕೂಲ ಅಂತ ಅವರನ್ನೇ ಕೇಳಿ.

ಎದುರಿಗೆ ಒಬ್ಬರು ನಿಂತಿರಲೇಬೇಕು. ಸಿಸ್ಟರ್ ಆಗಲಿ, ಆಸ್ಪತ್ರೆಯವರು ಬಿಟ್ಟರೆ ನಿಮ್ಮ ಅಮ್ಮ ಅಥವಾ ಯಜಮಾನರೇ ಆಗಲಿ. ಭುಜಕ್ಕೆ ಆಸರೆ ಕೊಡುವುದು ಅವರ ಕೆಲಸ. ಕತ್ತು ಹಿಡಿದು ಕೆಳಗೆ ಒತ್ತಬಾರದು. ಕೂತಲ್ಲೇ ಕೆಲವರಿಗೆ ತಲೆ ಸುತ್ತುತ್ತದೆ, ಬೆವರು ಬರುತ್ತದೆ. ಮುಖ ನೋಡುತ್ತ ಎದುರಿಗಿರುವವರಿಗೆ ಅದು ಮೊದಲು ಗೊತ್ತಾಗುತ್ತದೆ. ಮಗುವಿನ ಎದೆಬಡಿತ ನೋಡುವ ಬೆಲ್ಟ್ ಕೂತಾಗ ಜಾರುವುದು ಸಾಮಾನ್ಯ, ಅದರಲ್ಲೂ ಹೊಟ್ಟೆ ದೊಡ್ಡದಿದ್ದರೆ. ಆಗ ಸಿಸ್ಟರ್ ಅದನ್ನು ಕೈಯಲ್ಲೇ ಹಿಡಿದುಕೊಳ್ಳುತ್ತಾರೆ. ಸದ್ದು ನಿಂತಿತು ಅಂತ ಗಾಬರಿ ಬೀಳಬೇಡಿ.

ನೋವು ಬರುವಾಗ ಅಲ್ಲಾಡದೆ ಇರುವುದು ಹೇಗೆ ಅಂದಿರಿ. ನೋವು ಬಂದು ಬಂದು ಹೋಗುತ್ತದೆ, ನಡುವೆ ಬಿಡುವು ಇರುತ್ತದೆ. ಶುರುವಾಗುವ ಸೂಚನೆ ಸಿಕ್ಕ ಕೂಡಲೇ "ಬರ್ತಿದೆ" ಅಂತ ಹೇಳಿ. ನಾವು ಕೈ ನಿಲ್ಲಿಸುತ್ತೇವೆ. ನೀವು ದಿಂಬಿನ ಮೇಲೆ ಒರಗಿ ಉದ್ದಕ್ಕೆ ಉಸಿರು ಬಿಡಿ. ನೋವು ಇಳಿದ ಮೇಲೆ ಮುಂದುವರಿಸುತ್ತೇವೆ. ಕೂಗಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಹೇಳದೆ ಥಟ್ಟನೆ ನೆಟ್ಟಗಾಗುವುದು ಮಾತ್ರ ಬೇಡ.

ಇನ್ನೊಂದು ವಿಷಯದಲ್ಲಿ ನಿಮ್ಮ ಸಹಾಯ ಬೇಕು. ಸೂಜಿ ಒಳಗೆ ಹೋಗುವಾಗ "ಎಡಗಡೆ ಅನ್ನಿಸುತ್ತಾ, ಬಲಗಡೆ ಅನ್ನಿಸುತ್ತಾ, ಮಧ್ಯದಲ್ಲಾ?" ಅಂತ ಕೇಳುತ್ತೇವೆ. ನಮ್ಮ ಬೆರಳಿಗೆ ಮೂಳೆ ಸಿಗದಿದ್ದರೂ ನಿಮ್ಮ ಬೆನ್ನಿಗೆ ಎಡ-ಬಲ ಗೊತ್ತಿರುತ್ತದೆ. "ಸ್ವಲ್ಪ ಬಲಕ್ಕೆ ಒತ್ತಿದ ಹಾಗಿದೆ" ಅಂದರೆ ಸಾಕು, ನಾವು ದಿಕ್ಕು ಬದಲಿಸುತ್ತೇವೆ. ನಾವು ಕೇಳದಿದ್ದರೂ ನೀವೇ ಹೇಳಿ. ಒಂದು ಕಾಲಿಗೆ ಚುರ್ ಅಂತ ಕರೆಂಟ್ ಹೊಡೆದ ಹಾಗಾದರೆ ಅದನ್ನಂತೂ ತಕ್ಷಣ ಹೇಳಬೇಕು.

ಅಲ್ಟ್ರಾಸೌಂಡ್ ಇದ್ದರೆ ಕೆಲಸ ಇನ್ನೂ ಸಲೀಸು. ಹೊಟ್ಟೆಗೆ ಸ್ಕ್ಯಾನ್ ಮಾಡುವ ಬಾಗಿದ ತಲೆಯ ಪ್ರೋಬನ್ನೇ ಬೆನ್ನ ಮೇಲಿಟ್ಟು ನಡುಗೆರೆ, ಸಂದಿ, ಆಳ ಮೂರನ್ನೂ ನೋಡಿ ಪೆನ್ನಲ್ಲಿ ಗುರುತು ಮಾಡಿಕೊಳ್ಳಬಹುದು. ಸೊಂಟದ ಮೂಳೆ ಮುಟ್ಟಿ ನೋಡಿ ಇದು ಇಷ್ಟನೇ ಸಂದಿ ಅಂದಾಜು ಮಾಡುವುದು ಹಳೆಯ ರೂಢಿ. ಭಾರದ ಮೈಯವರಲ್ಲಿ, ಗರ್ಭಿಣಿಯರಲ್ಲಿ ಆ ಅಂದಾಜು ಒಂದು ಸಂದಿ ಮೇಲಕ್ಕೇ ಹೋಗಿಬಿಡುವುದುಂಟು. ಅದಕ್ಕೂ ಸ್ಕ್ಯಾನ್ ಒಳ್ಳೆಯದು. ಆದರೆ ಒಂದು ನೆನಪಿರಲಿ. ಸ್ಕ್ಯಾನ್ ಮಾಡುವಾಗ ಹೇಗೆ ಕೂತಿದ್ದಿರೋ ಸೂಜಿ ಹಾಕುವಾಗಲೂ ಹಾಗೇ ಕೂತಿರಬೇಕು. ಮಧ್ಯೆ ಸರಿದು ಕೂತರೆ ಚರ್ಮದ ಜೊತೆ ಗುರುತೂ ಸರಿಯುತ್ತದೆ.

ಮಲಗಿಸಿ ಕೊಡುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಕೂತರೆ ತಲೆಸುತ್ತಿ ಬೀಳುವ ಹಾಗಾದರೆ, ಮಗುವಿನ ತಲೆ ತುಂಬಾ ಕೆಳಗೆ ಇಳಿದು ಕೂರಲು ಆಗದಿದ್ದರೆ, ಸುಸ್ತಾಗಿ ಕೂತಿರುವ ಶಕ್ತಿಯೇ ಇಲ್ಲದಿದ್ದರೆ ಎಡಮಗ್ಗುಲಿಗೆ ಮಲಗಿಸಿ ಹಾಕುತ್ತೇವೆ. ಮಲಗಿದಾಗ ಒಳಗಿನ ರಕ್ತನಾಳಗಳು ಅಷ್ಟು ಉಬ್ಬಿರುವುದಿಲ್ಲ, ಕೊಳವೆ ಅವುಗಳ ಒಳಗೆ ಹೋಗುವ ಸಂಭವ ಕಮ್ಮಿ ಅನ್ನುವ ಅನುಕೂಲವೂ ಇದೆ. ಮಲಗಿಸಿ ಹಾಕುವುದರಲ್ಲೇ ಕೈ ಪಳಗಿದ ಡಾಕ್ಟರುಗಳೂ ಇದ್ದಾರೆ. ಮಲಗಿಸಿದರೆ ಬೆನ್ನು ಮಂಚದ ಅಂಚಿಗೆ ಬರಬೇಕು, ಮೊಣಕಾಲು ಹೊಟ್ಟೆಯ ಕಡೆಗೆ, ತಲೆಗೆ ದಿಂಬು. ಭುಜ ಮುಂದಕ್ಕೆ ಉರುಳಬಾರದು. ನಡುಗೆರೆ ಕೆಳಗೆ ಜೋಲುವುದನ್ನು ಲೆಕ್ಕಕ್ಕಿಟ್ಟು ಸೂಜಿ ಹಾಕುವುದು ಅವರಿಗೆ ಬಿಟ್ಟದ್ದು.

ಕೊಳವೆ ಹಾಕಿ ಆಯಿತು ಅಂದುಕೊಳ್ಳಿ. ಈಗಲೇ ಅಂಟುಪಟ್ಟಿ ಹಾಕಿಬಿಡಬಾರದು. ಗೂನಾಗಿ ಕೂತವರು ನೆಟ್ಟಗಾಗಿ, ಆಮೇಲೆ ಮಗ್ಗುಲಿಗೆ ಮಲಗಿದಾಗ ಚರ್ಮಕ್ಕೂ ಎಪಿಡ್ಯೂರಲ್ ಜಾಗಕ್ಕೂ ನಡುವಿನ ದೂರ ಜಾಸ್ತಿಯಾಗುತ್ತದೆ. ತೂಕ ಇರುವವರಲ್ಲಿ ಈ ವ್ಯತ್ಯಾಸ ಒಂದು ಸೆಂಟಿಮೀಟರ್, ಕೆಲವೊಮ್ಮೆ ಅದಕ್ಕೂ ಹೆಚ್ಚು. ಗೂನಾಗಿರುವಾಗಲೇ ಅಂಟಿಸಿದರೆ ಕೊಳವೆ ಚರ್ಮದ ಹತ್ತಿರ ಗಟ್ಟಿಯಾಗಿ ಸಿಕ್ಕಿಕೊಳ್ಳುತ್ತದೆ. ಮಲಗಿದಾಗ ಅದರ ಒಳತುದಿ ಎಳೆದು ಹೊರಗೆ ಬಂದುಬಿಡುತ್ತದೆ. "ಮೊದಲು ಚೆನ್ನಾಗಿತ್ತು, ಆಮೇಲೆ ಎಪಿಡ್ಯೂರಲ್ ಕೆಲಸವೇ ಮಾಡಲಿಲ್ಲ" ಅನ್ನುವ ದೂರುಗಳಲ್ಲಿ ಒಂದು ಪಾಲು ಇದರದ್ದೇ. ಹಾಗಾಗಿ ಮೊದಲು ನೆಟ್ಟಗೆ ಕೂರಿಸಿ, ಸಾಧ್ಯವಾದರೆ ಮಗ್ಗುಲಿಗೆ ಮಲಗಿಸಿ, ಚರ್ಮ ತನ್ನ ಜಾಗಕ್ಕೆ ಬಂದ ಮೇಲೆ ಅಂಟಿಸಬೇಕು. ಕೊಳವೆ ತಾನಾಗಿ ಒಂದಿಷ್ಟು ಒಳಗೆ ಎಳೆದುಕೊಳ್ಳುವುದು ಕಣ್ಣಿಗೇ ಕಾಣುತ್ತದೆ. ಈ ಒಂದು ನಿಮಿಷದ ತಾಳ್ಮೆಯಿಂದ ಎರಡನೇ ಸಲ ಸೂಜಿ ಹಾಕುವುದು ತಪ್ಪಬಹುದು.

ಔಷಧಿ ಹೋದ ಮೇಲೆ ನೋವು ಇಳಿಯಲು 15ರಿಂದ 20 ನಿಮಿಷ ಬೇಕು. ಬಿಪಿ ಮೊದಲು ಆಗಾಗ್ಗೆ ನೋಡುತ್ತಾರೆ. ನಿಮ್ಮ ತೋಳಿಗೆ ದೊಡ್ಡ ಪಟ್ಟಿಯೇ ಬೇಕು, ಚಿಕ್ಕದು ಕಟ್ಟಿದರೆ ಬಿಪಿ ಸುಮ್ನೆ ಜಾಸ್ತಿ ತೋರಿಸುತ್ತದೆ. ಅಂಗಾತ ಮಲಗಬೇಡಿ. ತುಂಬಿದ ಗರ್ಭ ದೊಡ್ಡ ರಕ್ತನಾಳಗಳ ಮೇಲೆ ಭಾರ ಹಾಕುತ್ತದೆ, ಬಿಪಿ ಇಳಿಯುತ್ತದೆ, ಮಗುವಿಗೂ ರಕ್ತ ಕಮ್ಮಿಯಾಗುತ್ತದೆ. ಮಗ್ಗುಲಾಗಿ, ತಲೆ ಕಡೆ ಸ್ವಲ್ಪ ಎತ್ತರಿಸಿ ಮಲಗಿ. ಆಗಾಗ ಮಗ್ಗುಲು ಬದಲಿಸುತ್ತಿರಿ. ಒಂದೇ ಮಗ್ಗುಲಲ್ಲಿದ್ದರೆ ಔಷಧಿ ಒಂದೇ ಕಡೆ ಜಾಸ್ತಿ ಹಿಡಿಯಬಹುದು. ಒಂದು ಕಡೆ ಮಾತ್ರ ನೋವು ಉಳಿದಿದ್ದರೆ ಕರೆದು ಹೇಳಿ. ಕೊಳವೆಯನ್ನು ಒಂಚೂರು ಹೊರಗೆಳೆದು, ನೋವಿರುವ ಮಗ್ಗುಲಿಗೆ ಮಲಗಿಸಿ ಔಷಧಿ ಕೊಟ್ಟರೆ ಎಷ್ಟೋ ಸಲ ಸರಿಹೋಗುತ್ತದೆ.

ಒಂದು ಮಾತು ಮುಚ್ಚಿಡುವುದಿಲ್ಲ. ತೂಕ ಜಾಸ್ತಿ ಇರುವವರಲ್ಲಿ ಮೊದಲ ಸಲಕ್ಕೇ ಆಗದೆ ಎರಡನೇ ಸಲ ಪ್ರಯತ್ನಿಸುವುದು, ಹಾಕಿದ ಕೊಳವೆಯನ್ನು ಮತ್ತೆ ಹಾಕಬೇಕಾಗುವುದು ಬೇರೆಯವರಿಗಿಂತ ಹೆಚ್ಚು. ಅದಕ್ಕೇ ನಾನು ಒತ್ತಿ ಹೇಳುವುದು, ಬೇಗ ಕೇಳಿ. ನೋವು ತಡೆಯಲಾರದ ಹಂತಕ್ಕೆ ಬಂದ ಮೇಲೆ ಅರ್ಧ ಗಂಟೆ ಗೂನಾಗಿ ಕೂರುವುದು ಯಾರಿಗೂ ಸುಲಭವಲ್ಲ. ಹೆರಿಗೆ ನೋವು ಶುರುವಾಗಿದೆ ಅಂತ ಖಾತ್ರಿಯಾದ ಮೇಲೆ ಗರ್ಭಕೋಶದ ಬಾಯಿ ಇಷ್ಟು ಸೆಂಟಿಮೀಟರ್ ತೆರೆದುಕೊಳ್ಳಲೇಬೇಕು ಅಂತ ಕಾಯುವ ಅಗತ್ಯವಿಲ್ಲ. ಬೇಗ ಕೊಟ್ಟರೆ ಸಿಸೇರಿಯನ್ ಜಾಸ್ತಿಯಾಗುತ್ತದೆ ಅನ್ನುವುದೂ ನಿಜವಲ್ಲ. ನಿಮಗೆ ಇದರಿಂದ ಇನ್ನೊಂದು ದೊಡ್ಡ ಲಾಭ ಇದೆ. ಭಾರದ ಮೈಯವರಿಗೆ ಸಿಸೇರಿಯನ್ ಬೇಕಾಗುವ ಸಂಭವ ಸ್ವಲ್ಪ ಹೆಚ್ಚು. ಪೂರ್ತಿ ಮತ್ತು ಬರಿಸಿ ಗಂಟಲಿಗೆ ಟ್ಯೂಬ್ ಹಾಕುವುದು ಅವರಲ್ಲಿ ಕಷ್ಟದ ಕೆಲಸ, ಅಪಾಯವೂ ಜಾಸ್ತಿ. ಚೆನ್ನಾಗಿ ಕೆಲಸ ಮಾಡುತ್ತಿರುವ ಎಪಿಡ್ಯೂರಲ್ ಇದ್ದರೆ ಅದೇ ಕೊಳವೆಯಲ್ಲಿ ಗಟ್ಟಿ ಔಷಧಿ ಕೊಟ್ಟು ಆಪರೇಷನ್ ಮಾಡಬಹುದು. ಎಚ್ಚರವಾಗಿದ್ದು ಮಗುವಿನ ಅಳು ಕೇಳಬಹುದು.

ಗುಬ್ಬಿಯಿಂದ ತುಮಕೂರಿಗೆ ಸುಮಾರು 20 ಕಿಲೋಮೀಟರ್, ಹತ್ತಿರವೇ. ಆದರೂ "ಇನ್ನೂ ಟೈಮ್ ಇದೆ" ಅಂತ ಮನೆಯಲ್ಲೇ ಕೂರಬೇಡಿ. ಪಾವಗಡ, ಶಿರಾ ಕಡೆಯಿಂದ ಬರುವವರಂತೂ ಇನ್ನೂ ಮುಂಚೆ ಹೊರಡಬೇಕು. ಹೊರಡುವಾಗ "ಶಕ್ತಿ ಬರಲಿ" ಅಂತ ಮುದ್ದೆ, ಅನ್ನ ತಿನ್ನಿಸಿ ಕಳಿಸುವುದು ನಮ್ಮ ಮನೆಗಳಲ್ಲಿ ರೂಢಿ. ನೋವು ಶುರುವಾದ ಮೇಲೆ ಗಟ್ಟಿ ಊಟ ಬೇಡ. ನೀರು, ಎಳನೀರು ಎಷ್ಟು ಕುಡಿಯಬಹುದು ಅಂತ ಆಸ್ಪತ್ರೆಯಲ್ಲಿ ಕೇಳಿಕೊಳ್ಳಿ.

ಅತ್ತೆಯವರ ಮಾತಿಗೆ ಬರೋಣ. ಅವರು ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದಾರೆ. ಸೂಜಿ ಚುಚ್ಚಿದ ಜಾಗ ಕೆಲವು ದಿನ ನೋಯುತ್ತದೆ. ಆದರೆ ಎಪಿಡ್ಯೂರಲ್‌ನಿಂದ ಖಾಯಂ ಸೊಂಟ ನೋವು ಬರುವುದಿಲ್ಲ. ಹೆರಿಗೆ ಆದ ಮೇಲೆ ಸೊಂಟ ನೋವು ಇಂಜೆಕ್ಷನ್ ತಗೊಂಡವರಿಗೂ ಬರುತ್ತದೆ, ತಗೊಳ್ಳದವರಿಗೂ ಬರುತ್ತದೆ. ಬಸುರಿನಲ್ಲಿ ಸಡಿಲವಾದ ಕೀಲು, ಮಗು ಎತ್ತಿ ಬಗ್ಗಿ ಮಾಡುವ ಕೆಲಸ, ಬೆನ್ನಿಗೆ ಆಸರೆಯಿಲ್ಲದೆ ಕೂತು ಹಾಲು ಕುಡಿಸುವುದು, ಇವೆಲ್ಲ ಅದಕ್ಕೆ ಕಾರಣ. ನಿಜವಾಗಿ ಗೊತ್ತಿರಬೇಕಾದ ತೊಂದರೆ ತಲೆನೋವು. ಸೂಜಿ ಒಂದು ಪೊರೆ ಹೆಚ್ಚು ಒಳಗೆ ಹೋದರೆ, ಎದ್ದು ಕೂತಾಗ ಜಾಸ್ತಿಯಾಗುವ, ಮಲಗಿದರೆ ಕಮ್ಮಿಯಾಗುವ ತಲೆನೋವು ಬರಬಹುದು. ಸುಮಾರು ನೂರರಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಅದಕ್ಕೆ ಚಿಕಿತ್ಸೆ ಇದೆ. ಮನೆಗೆ ಹೋದ ಮೇಲೆ ಬಂದರೂ ಸುಮ್ಮನಿರದೆ ಫೋನ್ ಮಾಡಿ.

ಈಗ ಮನೆಯಲ್ಲಿ ಮಾಡಬೇಕಾದ್ದು. ಜಗಲಿಯ ಅಂಚಲ್ಲೋ ಗಟ್ಟಿ ಮಂಚದ ಮೇಲೋ ಕೂತು, ಕಾಲಡಿ ಸ್ಟೂಲ್ ಇಟ್ಟು, ದಿಂಬು ಅಪ್ಪಿಕೊಂಡು ಸೊಂಟವನ್ನು ಹಿಂದಕ್ಕೆ ಗೂನು ಮಾಡುವುದನ್ನು ಅಭ್ಯಾಸ ಮಾಡಿ. ದಿನಕ್ಕೆ ಎರಡು ಮೂರು ನಿಮಿಷ ಸಾಕು. ಹಿಂದಿನಿಂದ ಯಾರಾದರೂ ಸೊಂಟದ ಮೇಲೆ ಕೈಯಿಟ್ಟು, ಆ ಕೈ ಹಿಂದಕ್ಕೆ ಬರುತ್ತದಾ ಅಂತ ನೋಡಲಿ. ತಲೆ ಸುತ್ತಿದರೆ, ಹೊಟ್ಟೆ ಗಟ್ಟಿಯಾದರೆ ನಿಲ್ಲಿಸಿ.

ಮುಂದಿನ ಚೆಕಪ್‌ಗೆ ಹೋದಾಗ ಅರಿವಳಿಕೆ ಡಾಕ್ಟರನ್ನೇ ಒಮ್ಮೆ ನೋಡಬೇಕು ಅಂತ ಕೇಳಿ. ಚಿಕ್ಕ ನರ್ಸಿಂಗ್ ಹೋಂಗಳಿಗೆ ಅವರು ಕರೆದಾಗ ಮಾತ್ರ ಬರುವುದು ಸಾಮಾನ್ಯ. ಹಾಗಾಗಿ ರಾತ್ರಿ ಹೊತ್ತು ಎಪಿಡ್ಯೂರಲ್ ಸಿಗುತ್ತದಾ, ಬೆನ್ನಿಗೆ ಸ್ಕ್ಯಾನ್ ಮಾಡುತ್ತಾರಾ, ಉದ್ದದ ಸೂಜಿ ಇದೆಯಾ ಅಂತ ಈಗಲೇ ವಿಚಾರಿಸಿ. ಅಲ್ಲಿ ಆಗುವುದಿಲ್ಲ ಅಂದರೆ ಆಸ್ಪತ್ರೆ ಬದಲಿಸಲು ನಿಮಗಿನ್ನೂ ಟೈಮ್ ಇದೆ. ಬಿಪಿ ಏರಬಾರದು ಅಂತ ಸಣ್ಣ ಡೋಸಿನ ಆಸ್ಪಿರಿನ್ ಮಾತ್ರೆ ಮಾತ್ರ ಕೊಟ್ಟಿದ್ದರೆ ಅದು ಎಪಿಡ್ಯೂರಲ್‌ಗೆ ಅಡ್ಡಿಯಲ್ಲ. ರಕ್ತ ಹೆಪ್ಪುಗಟ್ಟದಿರಲು ಹೊಟ್ಟೆಗೆ ಚುಚ್ಚುವ ಇಂಜೆಕ್ಷನ್ ನಡೆಯುತ್ತಿದ್ದರೆ ವಿಷಯ ಬೇರೆ. ಸಣ್ಣ ಡೋಸ್ ಆದರೆ ಕೊನೆಯ ಇಂಜೆಕ್ಷನ್ ಆಗಿ ಕನಿಷ್ಠ 12 ಗಂಟೆ, ದೊಡ್ಡ ಡೋಸ್ ಆದರೆ 24 ಗಂಟೆ ಕಳೆದಿರಬೇಕು. ನೀವಾಗಿಯೇ ಅದನ್ನು ನಿಲ್ಲಿಸಬೇಡಿ. ನೋವು ಕಾಣಿಸಿಕೊಂಡರೆ ಮುಂದಿನ ಡೋಸ್ ತಗೊಳ್ಳುವ ಮೊದಲು ಡಾಕ್ಟರಿಗೆ ಫೋನ್ ಮಾಡಿ. ಕೊನೆಯದನ್ನು ಯಾವ ದಿನ, ಎಷ್ಟು ಗಂಟೆಗೆ ತಗೊಂಡಿರಿ ಅಂತ ಒಂದು ಚೀಟಿಯಲ್ಲಿ ಬರೆದು ತಾಯಿ ಕಾರ್ಡಿನ ಜೊತೆ ಇಟ್ಟುಕೊಳ್ಳಿ.